ಗೋಡೆಯಾಚೆಯ ಹುಳದ ಮನೆ

೨೦೨೫ರ ಫೆಬ್ರವರಿ ೫, ಬುಧವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಸೊಪ್ಪಿನದೊಡ್ಡಿ ಗ್ರಂಥಾಲಯದ ಮೇಲ್ವಿಚಾರಕ ಬೈರೇಶ್ ತನ್ನ ಒಂಬತ್ತು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಬಹಳ ಜನ ಒಟ್ಟಿಗೆ ಓದುತ್ತಿರುವ ಸದ್ದು ಕೇಳಿದ.

ಹಾಳೆ ಮಗುಚುವ ಸದ್ದು. ಒಂದಲ್ಲ, ಹತ್ತಲ್ಲ, ನೂರಾರು ಹಾಳೆ, ಸಣ್ಣಗೆ, ಬಿಡುವಿಲ್ಲದೆ. ಅವನು ತಲೆಯೆತ್ತಿ ಓದುಗರನ್ನು ಎಣಿಸಿದ. ಇಬ್ಬರಿದ್ದರು. ಒಬ್ಬರು ಚಿಕ್ಕಹನುಮಯ್ಯ, ದಿನಪತ್ರಿಕೆಯನ್ನು ಮುಖದ ಮೇಲೆ ಹೊದ್ದು ಬೆಂಚಿನುದ್ದಕ್ಕೂ ಮಲಗಿದ್ದರು. ಇನ್ನೊಬ್ಬಳು ಮಾನ್ಯ, ಬಿ.ಎಸ್ಸಿ ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಆ ಗ್ರಂಥಾಲಯದಲ್ಲಿ ಕಪಾಟುಗಳು ಕೂತು, ಚಿಕ್ಕಹನುಮಯ್ಯ ಮಲಗಿದ ಮೇಲೆ ಉಳಿಯುತ್ತಿದ್ದದ್ದು ಮೆಟ್ಟಿಲು ಮಾತ್ರ.

ಸದ್ದು ಕಪಾಟಿನ ಹಿಂದಿನ ಗೋಡೆಯಿಂದ ಬರುತ್ತಿತ್ತು. ಗೋಡೆಯಾಚೆ ಇದ್ದದ್ದು ಹಳೆಯ ಚಾಕಿ ಕೇಂದ್ರ. ಆಗತಾನೆ ಮೊಟ್ಟೆಯೊಡೆದ ರೇಷ್ಮೆ ಮರಿಗಳನ್ನು ಸಾಕಿ ಊರಿಗೆ ಹಂಚಲೆಂದು ಹಿಂದೊಮ್ಮೆ ಕಟ್ಟಿದ ಕೊಠಡಿ. ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ಬೀಗದ ಕೈ ಯಾರ ಬಳಿ ಇದೆಯೆಂದು ಪಂಚಾಯಿತಿಯಲ್ಲಿ ಕೇಳಿದರೆ, ಹಿಂದೆ ಇದ್ದವರನ್ನು ಕೇಳಿ ಎನ್ನುತ್ತಿದ್ದರು.

ಈ ಕೊಠಡಿಯ ಮೇಲೆ ಬೈರೇಶನ ಕಣ್ಣು ಬಿದ್ದು ಬಹಳ ದಿನವಾಗಿತ್ತು. ನಡುವಿನ ಗೋಡೆ ಒಡೆದರೆ ಗ್ರಂಥಾಲಯ ಮೂರು ಪಟ್ಟು ದೊಡ್ಡದಾಗುತ್ತದೆ. ಹನ್ನೊಂದು ಹುಡುಗಿಯರಿಗೆ ಪರೀಕ್ಷೆಗೆ ಓದಲು ಮೇಜು ಸಿಗುತ್ತದೆ. ಹಿಂದಿನ ವಾರವಷ್ಟೇ ವಿಸ್ತರಣೆಗೆ ಅರ್ಜಿ ಹಾಕಿದ್ದ. ಫೆಬ್ರವರಿ ಇಪ್ಪತ್ತೊಂದಕ್ಕೆ ಅಧಿಕಾರಿ ಬಂದು ನೋಡುತ್ತಾರೆ. ಎಲ್ಲ ಸರಿಯಿದ್ದರೆ ಅಂದೇ ಮಂಜೂರು, ಇಲ್ಲವಾದರೆ ಪಟ್ಟಿಯಲ್ಲಿರುವ ಮುಂದಿನ ಊರಿಗೆ. ಅರ್ಜಿಯಲ್ಲಿ ಎರಡು ಪ್ರಶ್ನೆಗಳಿದ್ದವು. ‘ಕೊಠಡಿಯ ಹಾಲಿ ಸ್ಥಿತಿ?’ ಬೈರೇಶ್ ‘ಖಾಲಿ’ ಎಂದು ಬರೆದಿದ್ದ. ‘ಸ್ವತಃ ಪರಿಶೀಲಿಸಲಾಗಿದೆಯೇ?’ ‘ಹೌದು’ ಎಂದು ಬರೆದಿದ್ದ. ಸಹಿಯ ಕೆಳಗೆ ಎರಡು ಚುಕ್ಕೆ ಇಡುವುದು ಅವನ ಅಭ್ಯಾಸ. ಅಂದು ಹುರುಪಿನಲ್ಲಿ ಮೂರು ಇಟ್ಟಿದ್ದ. ಆ ಕೊಠಡಿಯ ಒಳಗನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾನ್ಯ ಮೆಟ್ಟಿಲಿನಿಂದ ಎದ್ದು ಒಳಗೆ ಬಂದಳು.

“ಸಾರ್, ಹುಳ ಮೇಯ್ತಾ ಅವೆ.”

“ಯಾವ ಹುಳ?”

“ರೇಷ್ಮೆ ಹುಳ. ಸೊಪ್ಪು ಹಾಕಿದ ತಕ್ಷಣ ಹಿಂಗೇ ಸದ್ದು ಬರೋದು. ನಮ್ಮನೇಲಿ ಈ ಸದ್ದು ಕೇಳ್ಕೊಂಡೇ ನಾನು ಬೆಳ್ದಿರೋದು.”

“ಆ ರೂಮಲ್ಲಿ ಹುಳ ಇಲ್ಲ.”

“ಅದೇ ಸಾರ್,” ಮಾನ್ಯ ಸಮಾಧಾನವಾಗಿ ಹೇಳಿದಳು. “ಇಲ್ಲ. ಮೇಯ್ತಾ ಅವೆ.”

ಬೈರೇಶನಿಗೆ ಆ ಸದ್ದಿನ ಗುರುತು ಸಿಗದಿದ್ದದ್ದು ಅವನ ತಪ್ಪಲ್ಲ. ಊರಿನ ಇನ್ನೂರು ಮನೆಗಳಲ್ಲಿ ಹುಳ ಸಾಕದೆ ಕುರಿ ಸಾಕಿದ್ದು ಅವನಪ್ಪ ಚಿಕ್ಕಬೀರಯ್ಯನ ಮನೆಯೊಂದೇ. ಕುರಿ ಎಲ್ಲಿದ್ದರೂ ಕಾಣುತ್ತದೆ. ಕಾಣದೆ ಮೇಯುವ ಪ್ರಾಣಿಯ ಅನುಭವ ಆ ವಂಶಕ್ಕೆ ಇರಲಿಲ್ಲ. ಆದರೆ ಬೈರೇಶ್ ಬಿ.ಎಸ್ಸಿಯ ಕೊನೆಯ ವರ್ಷದವರೆಗೆ ಓದಿದ್ದ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಇಳಿಸಿಕೊಂಡು ಗೋಡೆಗೆ ಹಿಡಿದ. ಮೂವತ್ತೊಂದು ಡೆಸಿಬಲ್. ತಿರುಗಿ ಚಿಕ್ಕಹನುಮಯ್ಯನವರ ಮೂಗಿನ ಬಳಿ ಹಿಡಿದ. ಐವತ್ತೆರಡು. ಎರಡನ್ನೂ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಗೋಡೆಗೆ ಕೈಯಿಟ್ಟರೆ ಮಣ್ಣಿನ ಹೂಜಿಯಂತೆ ತಣ್ಣಗಿತ್ತು. ಅದನ್ನು ಮಾತ್ರ ಬರೆಯಲಿಲ್ಲ.

ಮರುದಿನ ಪುಟ್ಟಲಕ್ಷ್ಮಮ್ಮ ಬಂದಳು. ನಲವತ್ತು ವರ್ಷದಲ್ಲಿ ನೂರೆಂಬತ್ತು ಬೆಳೆ ತೆಗೆದವಳು. ಹುಳದ ವಿಷಯದಲ್ಲಿ ಅವಳ ಮಾತಿಗೆ ಊರಿನಲ್ಲಿ ಮೇಲ್ಮನವಿ ಇರಲಿಲ್ಲ. ಅವಳ ಹಿಂದೆ ಅರ್ಧ ಊರು ಬಂತು. ಕಪಾಟು ಸರಿಸಿ ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತಳು. ನಾಡಿ ನೋಡುವ ವೈದ್ಯರಂತೆ ತುಟಿ ಬಿಗಿದಳು.

“ಎರಡು ಜ್ವರ ಎದ್ದವೆ,” ಎಂದಳು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಕಲ್ಲಿನಂತೆ ನಿಲ್ಲುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದು, ಏಳೆಂಟು ದಿನ ಸಿಕ್ಕಾಪಟ್ಟೆ ಮೇದು, ಆಮೇಲೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. “ಇನ್ನೂರು ಮೊಟ್ಟೆ ಬೆಳೆ ಅಂತ ಕಾಣ್ತದೆ, ಎಂಬತ್ತು ಸಾವ್ರ ಹುಳಾನಾದ್ರೂ ಅವೆ. ಒಳ್ಳೆ ಬೆಳೆ. ಯಾರದು?”

ಯಾರದೂ ಅಲ್ಲ. ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿತ್ತು. ಬಾಗಿಲ ಮುಂದೆ ಆಳೆತ್ತರ ಲಂಟಾನ.

“ಹಂಗಾರೆ ಸೊಪ್ಪು ಹಾಕೋರ್ ಯಾರು?” ಎಂದು ಹಿಂದಿನಿಂದ ಯಾರೋ ಕೇಳಿದರು. ಅದೇ ಹೊತ್ತಿಗೆ ಗೋಡೆಯಾಚೆ ಸದ್ದು ಇಮ್ಮಡಿಯಾಯಿತು, ಹೊಸದಾಗಿ ಸೊಪ್ಪು ಬಿದ್ದ ಹಾಗೆ.

ಈ ಲೋಕದಲ್ಲಿ ದೆವ್ವವಾಗಿ ತಿರುಗಿ ಬರುವ ಹಕ್ಕು ಯಾರಿಗಾದರೂ ಇದ್ದರೆ ಅದು ರೇಷ್ಮೆ ಹುಳಕ್ಕೆ ಇದೆ ಎಂಬುದನ್ನು ವಿಚಾರವಂತರು ಒಪ್ಪಬೇಕು. ಯಾರಿಗೂ ಕೆಡುಕು ಮಾಡದೆ, ಇಪ್ಪತ್ತಾರು ದಿನ ಸೊಪ್ಪು ತಿಂದು, ಹಗಲಿರುಳು ದುಡಿದು ತನ್ನ ಮನೆ ತಾನೇ ಕಟ್ಟಿಕೊಂಡು ಬಾಗಿಲು ಹಾಕಿ ಮಲಗುವ ಜೀವವನ್ನು ಬಿಸಿನೀರಿಗೆ ಹಾಕಿ ಕುದಿಸುತ್ತಾರೆ. ಈ ಜಿಲ್ಲೆಯಲ್ಲಿ ಎಷ್ಟು ಕೋಟಿ! ಇಷ್ಟು ವರ್ಷ ಅವು ತಿರುಗಿ ಬರದಿದ್ದದ್ದೇ ಅವುಗಳ ದೊಡ್ಡತನ. ಈ ವಿಚಾರ ಅಂದು ಗ್ರಂಥಾಲಯದಲ್ಲಿ ನಿಂತವರೆಲ್ಲರ ತಲೆಗೂ ಒಟ್ಟಿಗೆ ಹೊಳೆದಂತೆ ಕಂಡಿತು. ಎಲ್ಲರೂ ಗೋಡೆಯಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಸರಿಯದವನು ಪಂಚಾಯಿತಿ ಮೆಂಬರು ಶ್ರೀನಿವಾಸ್. ಆ ಕೊಠಡಿ ತನ್ನ ಗೊಬ್ಬರದ ಮೂಟೆಗಳಿಗೆ ಸಿಗಲಿ ಎಂದು ಅವನ ಆಸೆ.

“ಏನ್ಲಾ ಬೈರ, ರೂಮು ಖಾಲಿ ಅಂತ ಬರ್ದಿದ್ದೀಯಂತೆ. ನೋಡಿದ್ಯಾ ನೀನು?”

“ನೋಡಿದೀನಿ ಸೀನಣ್ಣ. ಏಣಿ ಹಾಕ್ಕೊಂಡು, ಮೇಲಿನ ಕಿಂಡೀಲಿ ಟಾರ್ಚ್ ಬುಟ್ಟು ನೋಡಿದೀನಿ.”

“ಏನಿತ್ತು?”

ಏನೂ ಇರಲಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಳ್ಳಿಗೆ ವಿವರ ಸೇರಿದರೆ ಗಟ್ಟಿಯಾಗುತ್ತದೆ ಎಂಬುದು ಬೈರೇಶನ ನಂಬಿಕೆ. ಎಲ್ಲ ಚಾಕಿ ಕೇಂದ್ರದಲ್ಲೂ ತಾಪ, ತೇವ ಅಳೆಯಲು ಜೋಡಿ ಥರ್ಮಾಮೀಟರ್ ಇರುತ್ತದೆಂದು ಕಪಾಟಿನ ಕೃಷಿ ಪುಸ್ತಕದಲ್ಲಿ ಓದಿದ್ದು ನೆನಪಾಯಿತು.

“ಒಂದು ಥರ್ಮಾಮೀಟರ್ ಇತ್ತು. ಮೂಡಲ ಗೋಡೇಲಿ, ಮೊಳೆಗೆ, ಹಸಿರು ದಾರದಲ್ಲಿ ಕಟ್ಟಿತ್ತು. ಬೇರೆ ಏನಿಲ್ಲ.”

“ಎಷ್ಟ್ ತೋರಿಸ್ತಿತ್ತು?”

“ಒಣ ಬಲ್ಬು ಇಪ್ಪತ್ತೇಳು. ಒದ್ದೆ ಬಲ್ಬು ಇಪ್ಪತ್ತೈದೂವರೆ,” ಎಂದು ಬೈರೇಶ್ ಪುಸ್ತಕದ ಪಟ್ಟಿಯಿಂದ ಒಪ್ಪಿಸಿದ.

“ಆ ಕಿಂಡಿಯಿಂದ ಅರ್ಧ ಡಿಗ್ರಿನೂ ಕಾಣ್ತಾ? ಹದ್ದಿನ ಕಣ್ಣು ಕಣ್ಲಾ ನಿಂದು.”

ಮಾನ್ಯ ಪಕ್ಕದಲ್ಲೇ ನಿಂತಿದ್ದಳು. ಅವಳು ಕೆಡುಕಿನ ಹುಡುಗಿಯಲ್ಲ. ಆದರೆ ತಪ್ಪು ಉತ್ತರ ಕೇಳಿ ಸುಮ್ಮನಿರುವ ಅಭ್ಯಾಸ ಅವಳಿಗಿರಲಿಲ್ಲ.

“ಸಾರ್, ಅದಾಗಲ್ಲ. ಒದ್ದೆ ಬಲ್ಬಿಗೆ ಬತ್ತಿ ಸುತ್ತಿರ್ತಾರೆ, ಅದು ನೀರಲ್ಲಿ ನೆನೀತಿರ್ಬೇಕು. ಆಗ ಮಾತ್ರ ಅದು ಕಮ್ಮಿ ತೋರ್ಸೋದು. ನೀರು ಆರೋದ್ರೆ ಎರಡೂ ಒಂದೇ ತೋರಿಸ್ಬೇಕು. ಹತ್ತೊಂಬತ್ತು ವರ್ಷದಿಂದ ನೀರು ಹಾಕ್ದೋರು ಯಾರು?”

ಪುಟ್ಟಲಕ್ಷ್ಮಮ್ಮನೂ ತಲೆಯಾಡಿಸಿದಳು. “ಅಲ್ದೆ, ಇಪ್ಪತ್ತೇಳು ಅಂದ್ರೆ ಅದು ಆಗತಾನೆ ಮೊಟ್ಟೆಯಿಂದ ಒಡ್ದು ಬಂದ ಮರಿಗೆ ಕೊಡೋ ಕಾವು ಕಣ್ ಮಗ. ಇವು ಬೆಳ್ದ ಹುಳ, ತಂಪಿರ್ಬೇಕು ಇವಕ್ಕೆ. ಸುಳ್ಳು ಹೇಳುವಾಗ್ಲೂ ಒಸಿ ತಿಳ್ಕೊಂಡು ಹೇಳ್ಬೇಕು.”

ಕಿಂಡಿಯಲ್ಲಿ ಈಗಲೇ ನೋಡಿಬಿಡೋಣ ಎಂದು ಶ್ರೀನಿವಾಸ್ ಏಣಿ ತರಿಸಿದ. ಹತ್ತುವವರು ಸಿಗಲಿಲ್ಲ. ಅವನು ಹತ್ತಬೇಕೆಂದು ಎಲ್ಲರೂ ಹೇಳಿದಾಗ ಅವನಿಗೆ ಮಂಡಿನೋವು ನೆನಪಾಯಿತು. ಪುಟ್ಟಲಕ್ಷ್ಮಮ್ಮ ಅವನ ಮಾನ ಉಳಿಸಿದಳು: “ಮೇಯೋ ಹುಳದ ಮೇಲೆ ಟಾರ್ಚ್ ಬುಡಬ್ಯಾಡ್ರಪ್ಪ. ಯಾರ ಹುಳಾನಾದ್ರೂ ಹುಳ ಹುಳಾನೇ.”

ಈ ಒಂದು ಮಾತು ಊರಿನ ನಡವಳಿಕೆಯನ್ನೇ ಬದಲಿಸಿತು. ಬೇರೆ ಊರಾಗಿದ್ದರೆ ದೆವ್ವವೆಂದು ಮಂತ್ರವಾದಿಯನ್ನು ಕರೆಸುತ್ತಿದ್ದರು. ಸೊಪ್ಪಿನದೊಡ್ಡಿಯವರಿಗೆ ಹುಳ ಇರುವ ಮನೆಯಲ್ಲಿ ಹೇಗಿರಬೇಕೆಂಬುದು ಮೈಗೆ ಹತ್ತಿದ ಪಾಠ. ಹುಳ ಸತ್ತದ್ದೋ ಬದುಕಿದ್ದೋ ಎಂದು ಕೈಕಾಲುಗಳು ಕೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಬೈರೇಶ್ ಗ್ರಂಥಾಲಯದ ಬೀಗ ತೆಗೆಯಲು ಬಂದಾಗ ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಬಾಗಿಲಿಗೆ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಉಜಿ ನೊಣ ಬಾರದಂತೆ ಬಲೆಯ ಪರದೆ ಕಟ್ಟಿತ್ತು. ಪಕ್ಕದ ಮನೆಯವರು ಮೆಣಸಿನಕಾಯಿ ಹುರಿಯುವುದನ್ನು ನಿಲ್ಲಿಸಿದರು. ಚಪ್ಪಲಿ ಹೊರಗೆ ಬಂತು. ಮಾತು ಪಿಸುಮಾತಾಯಿತು. ಚಿಕ್ಕಹನುಮಯ್ಯನವರು ಗೊರಕೆ ಹೊಡೆದರೆ ಹುಳಕ್ಕೆ ಆಗದೆಂದು ಅವರನ್ನು ಎಬ್ಬಿಸಿ ಕೂರಿಸಿದರು. ಪಾಪ, ಎಂಟು ವರ್ಷದ ನಂತರ ಅವರು ಗ್ರಂಥಾಲಯವನ್ನು ಕಣ್ಣುಬಿಟ್ಟು ನೋಡಿದರು.

‘ಮೌನವಾಗಿರಿ’ ಎಂಬ ಹಲಗೆಯನ್ನು ಬೈರೇಶ್ ಒಂಬತ್ತು ವರ್ಷದಲ್ಲಿ ಮೂರು ಸಲ ಬರೆಸಿದ್ದ. ಆಗದೆ ಇದ್ದದ್ದು ಒಂದೇ ಬೆಳಿಗ್ಗೆ ಆಯಿತು.

ಜನ ಸದ್ದು ಕೇಳಲು ಬರುತ್ತಿದ್ದರು. ಬಂದು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಗ್ರಂಥಾಲಯದಲ್ಲಿ ಬರಿಗೈಲಿ ಕೂರಲು ನಾಚಿಕೆಯಾಗಿ ಕೈಗೊಂದು ಪುಸ್ತಕ ತೆಗೆದುಕೊಳ್ಳುತ್ತಿದ್ದರು. ಕೈಯಲ್ಲಿದ್ದ ಮೇಲೆ ಒಂದೆರಡು ಪುಟ ಮಗುಚುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ಈಚೆಯ ಸದ್ದು ಯಾವುದು, ಆಚೆಯ ಸದ್ದು ಯಾವುದು ಎಂದು ಬೈರೇಶನ ಫೋನಿಗೂ ತಿಳಿಯದಂತಾಯಿತು. ದಿನದ ಹಾಜರಿ ಹನ್ನೊಂದರಿಂದ ಇಪ್ಪತ್ತಾರಕ್ಕೆ, ನಲವತ್ತೆರಡಕ್ಕೆ, ಅರವತ್ತಕ್ಕೆ ಏರಿತು. ಜಾಗ ಸಾಲದೆ ಅರ್ಧ ಜನ ಅಂಗಳದ ಹೊಂಗೆಮರದ ಕೆಳಗೆ ಕೂತರು, ಅಲ್ಲೂ ಪಿಸುಮಾತೇ.

ಚನ್ನಪಟ್ಟಣದಿಂದ ಮಕ್ಬೂಲ್ ಬಂದ. ಅವನದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬು, ಮೂವತ್ತು ವರ್ಷದ್ದು. ಸ್ಕೂಟರ್ ಅನ್ನು ದೂರದಲ್ಲೇ ನಿಲ್ಲಿಸಿ ಕಿಟಕಿಯ ಬಳಿ ಬಂದು ನಿಂತ.

“ಒಳಕ್ಕೆ ಬನ್ನಿ ಮಕ್ಬೂಲಣ್ಣ,” ಎಂದ ಬೈರೇಶ್.

“ಬ್ಯಾಡ ಬೈರೇಶಣ್ಣ. ನಾನು ಕುದಿಸೋನು. ಅವಕ್ಕೆ ನನ್ನ ಗುರ್ತು ಸಿಕ್ಬುಡ್ತದೆ.” ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. ಅವನ ಮುಖ ಸಪ್ಪಗಾಯಿತು. “ನಂಗೆ ಈ ಸದ್ದು ಗೊತ್ತೇ ಇರ್ಲಿಲ್ಲ ಕಣಣ್ಣ. ನಮ್ಮತ್ರ ಬರೋ ಹೊತ್ಗೆ ಅವು ಸುಮ್ನಾಗಿರ್ತವಲ್ಲ. ಒಂದು ಪುಸ್ತಕ ಕಿಟ್ಕೀಲಿ ಕೊಡಿ, ಇಲ್ಲೇ ಕೂತ್ಕೋತೀನಿ.” ಆ ದಿನದ ಹಾಜರಿಯಲ್ಲಿ ಬೈರೇಶ್ ಅವನ ಹೆಸರಿನ ಮುಂದೆ ‘ಕಿಟಕಿ’ ಎಂದು ಬರೆದ.

ಎಂಟನೆಯ ತಾರೀಖು ಶನಿವಾರ ಸದ್ದು ಪೂರ್ತಿ ನಿಂತಿತು. ಬೈರೇಶ್ ಕುಣಿದಾಡಿಬಿಟ್ಟ. “ನೋಡಿದ್ರಾ, ವಿಜ್ಞಾನದ ಪ್ರಕಾರ ಗೋಡೆಯೊಳಗಿನ ಗಾಳಿ ಅದು. ಹೋಯ್ತು.”

“ಬಾಯ್ಮುಚ್ಚು,” ಎಂದು ಪುಟ್ಟಲಕ್ಷ್ಮಮ್ಮ ಪಿಸುಗುಟ್ಟಿದಳು. “ಮೂರನೇ ಜ್ವರಕ್ಕೆ ಕೂತವೆ. ನಾಳೆ ಏಳ್ತವೆ.”

ಭಾನುವಾರ ಬೆಳಿಗ್ಗೆ ಎದ್ದವು. ಮೂವತ್ತೊಂಬತ್ತು ಡೆಸಿಬಲ್. ಹದಿಮೂರನೆಯ ತಾರೀಖು ಮತ್ತೆ ನಿಂತಿತು, ನಾಲ್ಕನೆಯ ಜ್ವರ. ಹದಿನಾಲ್ಕರ ಸಂಜೆ ಎದ್ದಾಗ ಜೋರು ಮಳೆ ಬಂದ ಹಾಗೆ ಕೇಳಿ, ಅಂಗಳದಲ್ಲಿ ಕೂತವರು ತಲೆಯ ಮೇಲೆ ಪುಸ್ತಕ ಹಿಡಿದುಕೊಂಡರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಬೆರಳು ಮಡಿಸಿ ಎಣಿಸಿದಳು. “ಇನ್ನು ಏಳು ದಿನ. ಶುಕ್ರವಾರ ಹಣ್ಣಾಗ್ತವೆ.”

ಶುಕ್ರವಾರ ಇಪ್ಪತ್ತೊಂದನೆಯ ತಾರೀಖು. ಅಧಿಕಾರಿ ಬರುವ ದಿನ.

“ಅವತ್ತು ಬಾಗ್ಲು ತೆಗೀಲೇಬೇಕು ದೊಡ್ಡವ್ವ,” ಬೈರೇಶ್ ಗೋಗರೆದ. “ತೆಗೀದೆ ಇದ್ರೆ ಮಂಜೂರಾತಿ ಬೇರೆ ಊರಿಗೆ ಹೋಯ್ತದೆ. ಈ ಮಕ್ಳು ಇನ್ನೂ ಎಷ್ಟು ವರ್ಷ ಮೆಟ್ಲ ಮೇಲೆ ಓದ್ಬೇಕು?”

“ಹುಳ ಹಣ್ಣಾಗೋ ದಿನ ಗೋಡೆ ಒಡೀತೀಯಾ? ನಿಮ್ಮಪ್ಪನ ಕುರಿ ಈಯೋವಾಗ ಕೊಟ್ಟಿಗೆ ಕೆಡವಿದ್ನಾ ಅವ್ನು?”

ಶ್ರೀನಿವಾಸನಿಗೆ ಮಾತ್ರ ಬಹಳ ಸಂತೋಷವಾಗಿತ್ತು. ಕೊಠಡಿ ಖಾಲಿಯಿದ್ದರೂ ಊರಿನವರು ತೆಗೆಯಗೊಡುವುದಿಲ್ಲ; ಖಾಲಿಯಿಲ್ಲದಿದ್ದರೆ ಬೈರೇಶನ ಸಹಿಯೇ ಅವನ ಕುತ್ತಿಗೆಗೆ ಬರುತ್ತದೆ. ಮೂರು ಚುಕ್ಕೆಯ ಸಹಿ.

ಇಪ್ಪತ್ತೊಂದರಂದು ಮಧ್ಯಾಹ್ನ ಮೂರು ಗಂಟೆಗೆ ಅಧಿಕಾರಿ ಜ್ಯೋತಿಲಕ್ಷ್ಮಿ ಮೇಡಂ ಜೀಪಿನಿಂದ ಇಳಿದರು. ಹೊಸ್ತಿಲಲ್ಲಿ ಒಬ್ಬ ಮುದುಕಿ ಅವರನ್ನು ತಡೆದು, ಬೂಟು ಬಿಚ್ಚಿಸಿ, ಒದ್ದೆ ಗೋಣಿಯ ಮೇಲೆ ನಿಲ್ಲಿಸಿ, ಬಲೆಯ ಪರದೆ ಎತ್ತಿ ಒಳಗೆ ಬಿಟ್ಟಳು. ಅವರು ಐವತ್ತೇಳು ಗ್ರಂಥಾಲಯ ನೋಡಿದ್ದರು. ಇಂಥದನ್ನು ನೋಡಿರಲಿಲ್ಲ. ಒಳಗೂ ಅಂಗಳದಲ್ಲೂ ಸೇರಿ ಎಪ್ಪತ್ತಮೂರು ಜನ ಗೋಡೆಗೆ ಮುಖ ಮಾಡಿ, ಪುಸ್ತಕ ತೆರೆದು, ಉಸಿರು ಬಿಗಿಹಿಡಿದು ಕೂತಿದ್ದರು. ಯಾರೂ ಅವರತ್ತ ತಿರುಗಲಿಲ್ಲ. ಹಾಳೆಯ ಸದ್ದೊಂದೇ, ಹೊಳೆ ಹರಿದಂತೆ.

“ಎಷ್ಟು ಓದ್ತಾರ್ರೀ ಇವರು!” ಎಂದು ಮೇಡಂ ತಾವೂ ಪಿಸುಗುಟ್ಟಿದರು. ಆಮೇಲೆ ಸಾಲಾಗಿ ಎಲ್ಲರ ಕೈ ನೋಡಿದರು. ಆ ಗಳಿಗೆಯಲ್ಲಿ ಯಾರೂ ಹಾಳೆ ಮಗುಚುತ್ತಿರಲಿಲ್ಲ. ಸದ್ದು ಬರುತ್ತಲೇ ಇತ್ತು. ಅವರು ಕೈಯಲ್ಲಿದ್ದ ಕಡತವನ್ನು ಎದೆಗೆ ಒತ್ತಿಕೊಂಡರು.

“ಮೇಡಂ, ಇವ್ನು ಖಾಲಿ ಅಂತ ಬರ್ದವ್ನೆ,” ಎಂದು ಶ್ರೀನಿವಾಸ್ ಮುಂದೆ ಬಂದ. “ಇಡೀ ಊರು ಹುಳ ಐತೆ ಅಂತದೆ. ಕೇಳಿ ನೀವೇ.”

“ಬೈರೇಶ್, ಸ್ವತಃ ನೋಡಿದೀನಿ ಅಂತ ಸಹಿ ಹಾಕಿದೀರಿ. ಕೊಠಡಿ ಖಾಲಿ ಇದೆಯಾ, ಹುಳ ಇದೆಯಾ?”

ಬೈರೇಶ್ ಮಾನ್ಯಳತ್ತ ನೋಡಿದ, ಪುಟ್ಟಲಕ್ಷ್ಮಮ್ಮನತ್ತ ನೋಡಿದ. ಅವನ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ಉತ್ತರವನ್ನು ಅವನು ಎಂದೂ ಕೊಟ್ಟಿರಲಿಲ್ಲ.

“ಖಾಲಿ ಐತೆ ಮೇಡಂ. ಹುಳಾನೂ ಅವೆ.”

“ಬೀಗ ಒಡೀರಿ,” ಎಂದರು ಮೇಡಂ.

ಆಗ ಸದ್ದು ನಿಂತಿತು.

ಸ್ವಲ್ಪ ಸ್ವಲ್ಪವಾಗಿ ಅಲ್ಲ; ಕೈಯಿಂದ ಹಿಡಿದು ನಿಲ್ಲಿಸಿದ ಹಾಗೆ. ಬೈರೇಶ್ ಗಡಿಯಾರ ನೋಡಿದ: ಮೂರು ಇಪ್ಪತ್ತೈದು. ಎಪ್ಪತ್ತಮೂರು ಜನ ಒಟ್ಟಿಗೆ ಪುಸ್ತಕ ಮುಚ್ಚಿದರು.

“ಮೇವು ಬುಟ್ಟವೆ,” ಪುಟ್ಟಲಕ್ಷ್ಮಮ್ಮ ಎದ್ದಳು. “ಹಣ್ಣಾದವು. ಈಗ ಬೇಕಾದ್ರೆ ತೆಗೀರಿ. ಆದ್ರೆ ಬರಿಗೈಲಿ ಹೋಗ್ಬ್ಯಾಡಿ.” ಹೊಂಗೆಮರಕ್ಕೆ ಒರಗಿಸಿಟ್ಟಿದ್ದ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒಬ್ಬೊಬ್ಬರ ಕೈಗೂ ಕೊಟ್ಟಳು. ಮೇಡಂ ಕೈಗೂ ಒಂದು ಬಂತು. ಅವರು ಬೇಡವೆನ್ನಲಿಲ್ಲ.

ಲಂಟಾನ ಕಡಿದು ಬೀಗ ಒಡೆದರು. ಒಳಗೆ ಮೊದಲು ಯಾರು ಹೋಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ.

“ನೀನು ಆಗ್ಲೇ ನೋಡಿದ್ದೀಯಲ್ಲಪ್ಪ,” ಎಂದು ಶ್ರೀನಿವಾಸ್ ಬೈರೇಶನನ್ನು ಒಳಕ್ಕೆ ನೂಕಿದ.

ಕೊಠಡಿ ಖಾಲಿಯಿತ್ತು. ಹುಳವಿಲ್ಲ, ಗೂಡಿಲ್ಲ, ತಟ್ಟೆಯಿಲ್ಲ, ಒಂದು ಒಣಗಿದ ಎಲೆಯೂ ಇಲ್ಲ. ನೆಲದ ಮೇಲೆ ಒಂದಂಗುಲ ಧೂಳು, ಹತ್ತೊಂಬತ್ತು ವರ್ಷದ್ದು. ಅದರ ಮೇಲೆ ಇಲಿಯ ಹೆಜ್ಜೆಯೂ ಇರಲಿಲ್ಲ. ಕತ್ತರಿಸಿದ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಮಾತ್ರ ಇತ್ತು.

ಮೇಡಂ ಬೇಗ ಬೇಗ ಟೇಪು ಹಿಡಿಸಿದರು. ಇಪ್ಪತ್ತು ಅಡಿಗೆ ಹನ್ನೆರಡು. ಬಾಗಿಲಲ್ಲೇ ನಿಂತು, ಚಂದ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ‘ಖಾಲಿ. ಖುದ್ದು ಪರಿಶೀಲಿಸಿದೆ. ವಿಸ್ತರಣೆ ಮಂಜೂರು’ ಎಂದು ಬರೆದು ಸಹಿ ಹಾಕಿದರು. ಶ್ರೀನಿವಾಸ್ ಹೊರಟುಹೋದ. ಜೀಪೂ ಹೊರಟಿತು. ಹನ್ನೊಂದು ಹುಡುಗಿಯರು ಬಾಗಿಲಲ್ಲಿ ನಿಂತು ತಮ್ಮ ಮೇಜು ಎಲ್ಲೆಲ್ಲಿ ಬರಬೇಕೆಂದು ಕೈತೋರಿಸಿಕೊಳ್ಳತೊಡಗಿದರು. ಪುಟ್ಟಲಕ್ಷ್ಮಮ್ಮ ಯಾರ ಮಾತೂ ಕೇಳದೆ ಚಂದ್ರಿಕೆಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿದಳು.

ಬೈರೇಶ್ ಗೆದ್ದಿದ್ದ. ಗೆದ್ದ ಸಂತೋಷದಲ್ಲಿ ಒಂದು ಸುತ್ತು ತಿರುಗಿದವನು ಮೂಡಲ ಗೋಡೆಯ ಮುಂದೆ ನಿಂತುಬಿಟ್ಟ. ಅಲ್ಲೊಂದು ಮೊಳೆಯಿತ್ತು. ಮೊಳೆಗೆ ಹಸಿರು ದಾರ. ದಾರದಲ್ಲಿ ಜೋಡಿ ಥರ್ಮಾಮೀಟರ್.

ಮಾನ್ಯ ಬಂದು ಪಕ್ಕದಲ್ಲಿ ನಿಂತಳು. “ಹಂಗಾದ್ರೆ ನಿಜವಾಗ್ಲೂ ನೋಡಿದ್ರಾ ಸಾರ್ ನೀವು?”

“ಇಲ್ಲ ಕಣಮ್ಮ. ಏಣೀನೇ ಹಾಕ್ಲಿಲ್ಲ. ಮೊಳೆ, ದಾರ, ಅಂಕಿ ಎಲ್ಲ ಬಾಯಿಗೆ ಬಂದಿದ್ದು.”

ಅವಳು ಬತ್ತಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ದುಪಟ್ಟಾಗೆ ಒರೆಸಿಕೊಂಡಳು. ಗಾಜಿನ ಮೇಲಿನ ಧೂಳು ಉಜ್ಜಿ ಅಂಕಿಗಳನ್ನು ಓದಿದಳು. ಇನ್ನೊಮ್ಮೆ ಓದಿದಳು. ಅಂಗಳದ ಬಿಸಿಲು ಆಗ ಮೂವತ್ತನಾಲ್ಕು ಡಿಗ್ರಿ ಇತ್ತು.

“ಎಷ್ಟ್ ತೋರ್ತದವ್ವ?” ಎಂದು ಪುಟ್ಟಲಕ್ಷ್ಮಮ್ಮ ಕೇಳಿದಳು. ಮಾನ್ಯ ಹೇಳಿದಳು. ಮುದುಕಿ ಹುಡುಗಿಯರನ್ನು ಮೆಲ್ಲಗೆ ಹೊರಗೆ ಕಳಿಸಿ, ಮರಿಗೆ ಹಾಕುವ ಎಳೆಯ ಸೊಪ್ಪು ಕೊಯ್ಯಲು ಕುಡುಗೋಲು ಹುಡುಕಿಕೊಂಡು ಹೋದಳು.

ಬೈರೇಶ್ ಹಾಜರಿ ಪುಸ್ತಕದ ಹಿಂಬದಿ ತೆರೆದು, ಈ ಸಲ ನಿಜವಾಗಿಯೂ ಸ್ವತಃ ನೋಡಿ, ಬರೆದುಕೊಂಡ. ಫೆಬ್ರವರಿ ೨೧, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಒಣ ಬಲ್ಬು ಇಪ್ಪತ್ತೇಳು ಡಿಗ್ರಿ. ಒದ್ದೆ ಬಲ್ಬು ಇಪ್ಪತ್ತೈದೂವರೆ.